ವಾರದ ಆರಾಧನೆಯ ಮುನ್ಯೋಜನೆ: ಪರಿಷ್ಕೃತ ಸಾಮಾನ್ಯ ಪಾಠಪಟ್ಟಿಯ ಒಂದು ವಿಮರ್ಶೆ

1

ಕ್ರೈಸ್ತಸಭೆಗಳಲ್ಲಿ ಭಾನುವಾರದಿಂದ ಭಾನುವಾರಕ್ಕೆ ನಡೆದುಬರುವ ಆರಾಧನೆಯು ಹೊರಗಿನಿಂದ ನೋಡುವವರಿಗೆ ಸರಳವಾದ ಕ್ರಿಯೆಯಾಗಿ ತೋರುತ್ತದೆ. ಜನರು ಕೂಡುತ್ತಾರೆ, ಹಾಡುತ್ತಾರೆ, ಸತ್ಯವೇದದ ಕೆಲವು ಭಾಗಗಳನ್ನು ಓದುವುದನ್ನು ಕೇಳುತ್ತಾರೆ, ಅವುಗಳ ಮೇಲಿನ ಪ್ರಸಂಗವನ್ನು ಆಲಿಸುತ್ತಾರೆ. ಆದರೆ ಆ ದಿನ ಯಾವ ಭಾಗವನ್ನು ಓದಬೇಕು, ಎಲ್ಲಿ ತೊಡಗಿ ಎಲ್ಲಿ ನಿಲ್ಲಿಸಬೇಕು ಎಂಬುದು ಅನೇಕ ಸಭೆಗಳಲ್ಲಿ ಆ ಬೆಳಗ್ಗೆ ಹುಟ್ಟುವ ನಿರ್ಧಾರವಲ್ಲ. ಅದು ವರ್ಷಗಳ ಹಿಂದೆಯೇ ನಿಶ್ಚಿತವಾಗಿರುತ್ತದೆ. ಹೀಗೆ ನಿಶ್ಚಯಿಸಿಕೊಡುವ ಗ್ರಂಥಕ್ಕೆ ಪಾಠಪಟ್ಟಿ ಎಂದು ಹೆಸರು. ಹಾಡುಗಳ ಆಯ್ಕೆ, ಪ್ರಾರ್ಥನೆಗಳ ವಿಷಯ, ಪ್ರಸಂಗದ ಸಿದ್ಧತೆ ಎಲ್ಲವೂ ಇದನ್ನು ಅನುಸರಿಸಿ ಹೊರಡುವುದರಿಂದ, ವಾರದ ಆರಾಧನೆಯ ಮುನ್ಯೋಜನೆಗೆ ಪಾಠಪಟ್ಟಿಯೇ ತಳಹದಿಯೆಂದು ಹೇಳಬಹುದು.

ಇಂಥ ಪಟ್ಟಿಗಳಲ್ಲಿ ಇಂದು ಆಂಗ್ಲಭಾಷೆಯ ಪ್ರಾಟೆಸ್ಟೆಂಟ್ ಸಭೆಗಳೊಳಗೆ ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವುದು 1992ರಲ್ಲಿ ಪ್ರಕಟವಾದ ಪರಿಷ್ಕೃತ ಸಾಮಾನ್ಯ ಪಾಠಪಟ್ಟಿ. ಇದನ್ನು ಭಕ್ತಿಗ್ರಂಥವೆಂದು ಪೂಜಿಸುವವರೂ ಉಂಟು, ಬರಿಯ ಕಾಲಸೂಚಿಯೆಂದು ತಳ್ಳಿಹಾಕುವವರೂ ಉಂಟು. ನಾವು ಇಲ್ಲಿ ಇದನ್ನು ಒಂದು ಐತಿಹಾಸಿಕ ದಾಖಲೆಯೆಂದು ಎತ್ತಿಕೊಂಡು, ಇದು ಏನನ್ನು ಸಾಧಿಸಿದೆ, ಏನನ್ನು ಮರೆಮಾಡಿದೆ ಎಂಬೆರಡನ್ನೂ ತೂಗಿ ನೋಡಲು ಉದ್ದೇಶಿಸಿದ್ದೇವೆ. ಮುನ್ಯೋಜನೆಯು ಕೇಳುಗರನ್ನು ಪ್ರಸಂಗಿಯ ಇಷ್ಟಾನಿಷ್ಟಗಳಿಂದ ಕಾಪಾಡುತ್ತದೆ ಎಂಬುದು ನಿಜ. ಆದರೆ ಯೋಜನೆಗೂ ತನ್ನದೇ ಆದ ಇಷ್ಟಾನಿಷ್ಟಗಳುಂಟು. ಅವು ಅಚ್ಚಿನಲ್ಲಿ ಅಂಕಿಗಳ ರೂಪವನ್ನು ತಾಳಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ನಮ್ಮ ವಾದವೆಲ್ಲ ಇಷ್ಟೇ.

2

ಪಾಠಪಟ್ಟಿಯ ಹಿಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡದೆ ಪ್ರಕೃತ ಗ್ರಂಥದ ಸ್ವರೂಪ ತಿಳಿಯುವುದಿಲ್ಲ. ಕ್ರಿ.ಶ. ಸುಮಾರು 155ರಲ್ಲಿ ರೋಮಿನಲ್ಲಿದ್ದ ಹುತಾತ್ಮ ಜಸ್ಟಿನನು ತನ್ನ ಕಾಲದ ಭಾನುವಾರದ ಕೂಟವನ್ನು ವರ್ಣಿಸುತ್ತ, ಅಪೊಸ್ತಲರ ಸ್ಮರಣೆಗಳನ್ನಾಗಲಿ ಪ್ರವಾದಿಗಳ ಬರಹಗಳನ್ನಾಗಲಿ ಸಮಯವಿದ್ದಷ್ಟು ಹೊತ್ತು ಓದುತ್ತಿದ್ದರೆಂದು ತಿಳಿಸುತ್ತಾನೆ. ಓದಿಗೆ ಮಿತಿಯನ್ನು ಹಾಕುತ್ತಿದ್ದುದು ಗಡಿಯಾರವೇ ಹೊರತು ಪಟ್ಟಿಯಲ್ಲ. ಮುಂದೆ ಹಬ್ಬಗಳು ಬೆಳೆದಂತೆ ಹಬ್ಬಕ್ಕೆ ತಕ್ಕ ಪಾಠಗಳು ನೆಲೆಗೊಂಡವು. ಮಧ್ಯಯುಗದ ಹೊತ್ತಿಗೆ ವರ್ಷಕ್ಕೊಮ್ಮೆ ತಿರುಗಿ ಬರುವ ಒಂದು ಚಕ್ರ ಸ್ಥಿರವಾಯಿತು. 1570ರ ರೋಮನ್ ಪೂಜಾಗ್ರಂಥವು ಆ ಏಕವರ್ಷದ ಚಕ್ರವನ್ನೇ ಖಾಯಂ ಮಾಡಿತು. ಭಾನುವಾರಗಳಲ್ಲಿ ಸಾಮಾನ್ಯವಾಗಿ ಓದುತ್ತಿದ್ದುದು ಒಂದು ಪತ್ರಿಕೆಯ ಭಾಗ, ಒಂದು ಸುವಾರ್ತೆಯ ಭಾಗ, ಎರಡೇ. ಹಳೆಯ ಒಡಂಬಡಿಕೆಯ ಧ್ವನಿ ಭಾನುವಾರಗಳಲ್ಲಿ ಬಹುಮಟ್ಟಿಗೆ ಅಡಗಿಹೋಗಿತ್ತು.

ಹದಿನಾರನೆಯ ಶತಮಾನದ ಸುಧಾರಕರು ಈ ಪದ್ಧತಿಗೆ ಎರಡು ಬಗೆಯ ಉತ್ತರ ಕೊಟ್ಟರು. ಜೂರಿಚ್ ನಗರದಲ್ಲಿ ಜ್ವಿಂಗ್ಲಿಯು 1519ರ ಜನವರಿ 1ರಂದು ಗೊತ್ತಾದ ಪಾಠಗಳನ್ನು ಬದಿಗಿಟ್ಟು, ಮತ್ತಾಯನ ಸುವಾರ್ತೆಯನ್ನು ಮೊದಲಿನಿಂದ ಹಿಡಿದು ಅನುಕ್ರಮವಾಗಿ ಬೋಧಿಸತೊಡಗಿದನು. ಜಿನೀವದಲ್ಲಿ ಕ್ಯಾಲ್ವಿನನೂ ಈ ಮಾರ್ಗವನ್ನೇ ಹಿಡಿದನು. 1538ರಲ್ಲಿ ನಗರದಿಂದ ಹೊರದೂಡಲ್ಪಟ್ಟ ಆತ 1541ರಲ್ಲಿ ಹಿಂದಿರುಗಿದಾಗ, ನಡೆದುದರ ಬಗೆಗೆ ಒಂದು ಮಾತನ್ನೂ ಬೆಳೆಸದೆ, ತಾನು ಹಿಂದೆ ನಿಲ್ಲಿಸಿದ್ದ ವಚನದಿಂದಲೇ ಬೋಧನೆಯನ್ನು ಮುಂದುವರಿಸಿದನೆಂಬುದು ಪ್ರಸಿದ್ಧವಾಗಿದೆ. ಅನುಕ್ರಮ ಪಾಠದ ಬಲ ಯಾವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಬೋಧಕನ ಕೋಪತಾಪಗಳಿಗೆ ಅಲ್ಲಿ ಎಡೆಯಿಲ್ಲ. ಮುಂದಿನ ವಚನ ಯಾವುದೋ ಅದೇ ಮುಂದಿನ ವಾರದ ವಿಷಯ.

ಎರಡನೆಯ ಉತ್ತರ ಇಂಗ್ಲೆಂಡಿನ ಕ್ರಾನ್ಮರನದು. 1549ರ ಸಾಮಾನ್ಯ ಪ್ರಾರ್ಥನೆಯ ಗ್ರಂಥದ ಮುನ್ನುಡಿಯಲ್ಲಿ ಆತ, ಹಳೆಯ ನಿಯಮಗಳ ತೊಡಕಿನ ದೆಸೆಯಿಂದ ಪಾಠವನ್ನು ಓದುವುದಕ್ಕಿಂತ ಯಾವುದನ್ನು ಓದಬೇಕೆಂದು ಹುಡುಕುವುದೇ ದೊಡ್ಡ ಕೆಲಸವಾಗಿತ್ತೆಂದು ಹೇಳಿಕೊಂಡಿದ್ದಾನೆ. ಪ್ರತಿದಿನದ ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆಗಳಿಗಾಗಿ ಆತ ಹಾಕಿಕೊಟ್ಟ ಕ್ರಮದಲ್ಲಿ ಕೀರ್ತನೆಗಳು ತಿಂಗಳಿಗೊಮ್ಮೆ, ಹಳೆಯ ಒಡಂಬಡಿಕೆಯ ಹೆಚ್ಚಿನ ಭಾಗ ವರ್ಷಕ್ಕೊಮ್ಮೆ, ಹೊಸ ಒಡಂಬಡಿಕೆಯು ಪ್ರಕಟನೆಯ ಗ್ರಂಥವೊಂದನ್ನುಳಿದು ವರ್ಷಕ್ಕೆ ಮೂರು ಸಲ ಮುಗಿಯುತ್ತಿದ್ದವು. ಜನವರಿಯಲ್ಲಿ ಆದಿಕಾಂಡದಿಂದ ಆರಂಭ. ಇಲ್ಲಿ ವಿದ್ಯಾರ್ಥಿಗಳು ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಕೆಲವು ಪುಸ್ತಕಗಳನ್ನೂ ಅಧ್ಯಾಯಗಳನ್ನೂ ಭಕ್ತಿವೃದ್ಧಿಗೆ ಅಷ್ಟಾಗಿ ಒದಗವೆಂಬ ಕಾರಣದಿಂದ ಬಿಟ್ಟಿರುವುದಾಗಿ ಕ್ರಾನ್ಮರನ ಗ್ರಂಥವೇ ಬಾಯಿಬಿಟ್ಟು ಹೇಳುತ್ತದೆ. ಆತನ ಆಯ್ಕೆಯನ್ನು ನಾವು ಒಪ್ಪದಿರಬಹುದು. ಆಯ್ಕೆ ನಡೆದಿದೆಯೆಂಬುದನ್ನು ಆತ ಬಚ್ಚಿಡಲಿಲ್ಲ.

3

ಇಪ್ಪತ್ತನೆಯ ಶತಮಾನದ ದೊಡ್ಡ ತಿರುವು ರೋಮಿನಲ್ಲಿಯೇ ಆಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಅಂಗೀಕರಿಸಿದ ಆರಾಧನಾ ಸಂವಿಧಾನವು, ಸತ್ಯವೇದದ ಭಂಡಾರವನ್ನು ಜನರಿಗೆ ಇನ್ನೂ ಧಾರಾಳವಾಗಿ ತೆರೆಯಬೇಕೆಂದೂ, ನಿಯತವಾದ ಕೆಲವು ವರ್ಷಗಳ ಅವಧಿಯಲ್ಲಿ ಅದರ ಮುಖ್ಯ ಭಾಗಗಳನ್ನು ಓದಿ ಮುಗಿಸಬೇಕೆಂದೂ ವಿಧಿಸಿತು. ಅದರ ಫಲವೇ 1969ರ ಮೂರು ವರ್ಷದ ಪಾಠಪಟ್ಟಿ. ಮೊದಲ ವರ್ಷ ಮತ್ತಾಯ, ಎರಡನೆಯ ವರ್ಷ ಮಾರ್ಕ, ಮೂರನೆಯ ವರ್ಷ ಲೂಕ. ಯೋಹಾನನ ಸುವಾರ್ತೆ ಮೂರು ವರ್ಷಗಳಲ್ಲಿಯೂ ಹಬ್ಬದ ಕಾಲಗಳಲ್ಲಿ ಹಂಚಿಹೋಗುತ್ತದೆ. ಹಳೆಯ ಒಡಂಬಡಿಕೆಯ ಪಾಠವೊಂದು ಭಾನುವಾರಕ್ಕೆ ಮತ್ತೆ ಬಂದಿತು. ಶತಮಾನಗಳಿಂದ ರೋಮಿಗೆ ಬೆನ್ನು ತಿರುಗಿಸಿದ್ದ ಅಮೆರಿಕದ ಪ್ರಾಟೆಸ್ಟೆಂಟ್ ಸಭೆಗಳು ಒಂದೆರಡು ವರ್ಷಗಳೊಳಗಾಗಿ ಇದನ್ನು ತಂತಮ್ಮ ರೀತಿಯಲ್ಲಿ ತಿದ್ದಿಕೊಂಡು ಸ್ವೀಕರಿಸತೊಡಗಿದುದು ಸಭಾಚರಿತ್ರೆಯಲ್ಲಿ ಅಚ್ಚರಿಯ ಸಂಗತಿ. ಈ ಬೇರೆಬೇರೆ ತಿದ್ದುಪಡಿಗಳನ್ನು ಒಂದುಗೂಡಿಸಲು ಉತ್ತರ ಅಮೆರಿಕದ ಸಭೆಗಳ ಸಂಯುಕ್ತ ಸಮಿತಿಯೊಂದು 1983ರಲ್ಲಿ ಸಾಮಾನ್ಯ ಪಾಠಪಟ್ಟಿಯನ್ನು ಹೊರತಂದಿತು. ಸುಮಾರು ಒಂಬತ್ತು ವರ್ಷಗಳ ಬಳಕೆಯ ಬಳಿಕ, ಬಂದ ಟೀಕೆಗಳನ್ನು ಪರಾಮರ್ಶಿಸಿ ಸಿದ್ಧಪಡಿಸಿದುದೇ 1992ರ ಪರಿಷ್ಕೃತ ಗ್ರಂಥ.

ಈ ಗ್ರಂಥದ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಪಾಠಗಳನ್ನು ವರ್ಷಗಳ ಮುಂಚೆಯೇ ತಿಳಿದುಕೊಳ್ಳುವ ಅನುಕೂಲ ಇದರಿಂದ ದೊರೆಯಿತು. ಕ್ರಿಸ್ತಶಕದ ಯಾವ ವರ್ಷವನ್ನು ಮೂರರಿಂದ ಭಾಗಿಸಿದಾಗ ಶೇಷವುಳಿಯುವುದಿಲ್ಲವೋ ಅದು ಲೂಕನ ವರ್ಷ ಎಂಬ ಒಂದೇ ಸೂತ್ರದಿಂದ, ಚಕ್ರದ ಯಾವ ಭಾಗದಲ್ಲಿದ್ದೇವೆಂಬುದನ್ನು ಯಾರಾದರೂ ಹೇಳಬಲ್ಲರು. ಸಭೆಯ ವರ್ಷವು ಅದಕ್ಕೆ ಹಿಂದಿನ ನವೆಂಬರ್ ಅಂತ್ಯದಲ್ಲಿಯೋ ಡಿಸೆಂಬರ್ ಆದಿಯಲ್ಲಿಯೋ ಆಗಮನಕಾಲದೊಡನೆ ತೊಡಗುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು. ಹಾಡುವವರಿಗೂ ಓದುವವರಿಗೂ ಮಕ್ಕಳಿಗೆ ಪಾಠ ಹೇಳುವವರಿಗೂ ಒಂದೇ ಆಧಾರ ಸಿಕ್ಕಿತು. ಬೇರೆಬೇರೆ ಪಂಗಡಗಳ ಬೋಧಕರು ವಾರದ ನಡುವೆ ಒಂದೆಡೆ ಕುಳಿತು ಒಂದೇ ಪಾಠವನ್ನು ಚರ್ಚಿಸುವುದು ಸಾಧ್ಯವಾಯಿತು.

ಇನ್ನೂ ಮುಖ್ಯವಾದ ಗುಣವೊಂದುಂಟು. ರೋಮನ್ ಪಟ್ಟಿಯಲ್ಲಿ ಹಳೆಯ ಒಡಂಬಡಿಕೆಯ ಪಾಠವನ್ನು ಬಹುತೇಕ ಆ ದಿನದ ಸುವಾರ್ತೆಗೆ ಹೊಂದುವಂತೆ ಆರಿಸಲಾಗಿದೆ. ಇದರಿಂದ ಇಸ್ರಾಯೇಲರ ಚರಿತ್ರೆಯು ತನ್ನ ಓಟವನ್ನು ಕಳೆದುಕೊಂಡು ಇನ್ನೊಂದು ಕಥೆಗೆ ಉದಾಹರಣೆಯಾಗಿ ಬಿಡುತ್ತದೆ. 1992ರ ಗ್ರಂಥವು ಪಂಚಾಶತ್ತಮ ದಿನದ ನಂತರದ ದೀರ್ಘ ಕಾಲಕ್ಕೆ ಎರಡು ದಾರಿಗಳನ್ನು ಕೊಟ್ಟಿದೆ. ಒಂದು ಆ ಹೊಂದಾಣಿಕೆಯ ದಾರಿ. ಇನ್ನೊಂದು ಮೊದಲ ವರ್ಷ ಪಿತೃಗಳಿಂದ ನ್ಯಾಯಸ್ಥಾಪಕರವರೆಗೆ, ಎರಡನೆಯ ವರ್ಷ ದಾವೀದನ ವೃತ್ತಾಂತ ಮತ್ತು ಜ್ಞಾನಸಾಹಿತ್ಯ, ಮೂರನೆಯ ವರ್ಷ ಪ್ರವಾದಿಗಳು ಎಂದು ಕಥನವನ್ನು ಕಥನವಾಗಿಯೇ ನಡೆಸಿಕೊಂಡು ಹೋಗುವ ದಾರಿ. ಜ್ವಿಂಗ್ಲಿಯ ಮಾರ್ಗಕ್ಕೂ ಮಧ್ಯಯುಗದ ಮಾರ್ಗಕ್ಕೂ ಒಂದೇ ಗ್ರಂಥದಲ್ಲಿ ಎಡೆ ಸಿಕ್ಕಿದುದು ಚರಿತ್ರೆಯ ದೃಷ್ಟಿಯಿಂದ ಸಣ್ಣ ಸಾಧನೆಯಲ್ಲ.

4

ಇನ್ನು ದೋಷಗಳ ಕಡೆಗೆ ಬರೋಣ. ಪ್ರಾಟೆಸ್ಟೆಂಟ್ ಸತ್ಯವೇದದಲ್ಲಿ 66 ಪುಸ್ತಕಗಳು, 1189 ಅಧ್ಯಾಯಗಳು ಇವೆ. ಮೂರು ವರ್ಷಗಳಿಗೆ ಸುಮಾರು 156 ಭಾನುವಾರಗಳು. ಭಾನುವಾರಕ್ಕೆ ಕೀರ್ತನೆಯೂ ಸೇರಿ ನಾಲ್ಕು ಪಾಠಗಳೆಂದರೆ 624 ಪಾಠಗಳಾದವು. ಅವುಗಳಲ್ಲಿ ಬಹುಪಾಲು ಒಂದು ಅಧ್ಯಾಯಕ್ಕಿಂತ ಚಿಕ್ಕವು. ಆದಕಾರಣ ಬಿಡುವುದು ಅನಿವಾರ್ಯ. ಬಿಟ್ಟಿದ್ದಾರೆ ಎಂದಷ್ಟೇ ದೂರುವುದು ವಿಮರ್ಶೆಯಾಗದು. ಯಾವುದನ್ನು, ಯಾವ ಕ್ರಮದಿಂದ ಬಿಟ್ಟಿದ್ದಾರೆ ಎಂಬುದೇ ಪ್ರಶ್ನೆ.

ಬಿಡುವಿಕೆಯ ಒಂದು ಬಗೆ ಪಂಚಾಂಗದಿಂದ ಬರುವಂಥದು. ಪುನರುತ್ಥಾನದ ಹಬ್ಬವು ಚಾಂದ್ರಗಣನೆಯನ್ನು ಅನುಸರಿಸಿ ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ನಮ್ಮ ಯುಗಾದಿಯಂತೆ ಅದೂ ಚಂದ್ರನಿಗೆ ಕಟ್ಟುಬಿದ್ದ ಹಬ್ಬ. ಅದು ಹಿಂದುಮುಂದಾದಂತೆ ಪಂಚಾಶತ್ತಮ ದಿನದ ನಂತರದ ಭಾನುವಾರಗಳ ಸಂಖ್ಯೆ ಹೆಚ್ಚುಕಡಿಮೆಯಾಗುತ್ತದೆ. ಮತ್ತಾಯನ ವರ್ಷದಲ್ಲಿ ಮೇ 29ರಿಂದ ಜೂನ್ 4ರೊಳಗಿನ ಭಾನುವಾರಕ್ಕೆ ನೋಹನ ಜಲಪ್ರಳಯದ ವೃತ್ತಾಂತವನ್ನೂ, ಬಂಡೆಯ ಮೇಲೆ ಮನೆ ಕಟ್ಟಿದವನ ದೃಷ್ಟಾಂತವುಳ್ಳ ಮತ್ತಾಯನ 7ನೆಯ ಅಧ್ಯಾಯದ ಕೊನೆಯನ್ನೂ ಗೊತ್ತುಮಾಡಲಾಗಿದೆ. ಆದರೆ ಪುನರುತ್ಥಾನದ ಹಬ್ಬವು ಏಪ್ರಿಲ್ 2 ಅಥವಾ ಅದಕ್ಕೆ ಮೊದಲು ಬಂದರೆ ಮಾತ್ರ ಆ ಭಾನುವಾರ ಈ ಪಾಠಗಳಿಗೆ ದೊರೆಯುತ್ತದೆ. ಇಲ್ಲವಾದರೆ ತ್ರಯೇಕದೇವರ ಭಾನುವಾರವೋ ಅದಕ್ಕೆ ಮುಂಚಿನ ಹಬ್ಬವೋ ಅದನ್ನು ಆಕ್ರಮಿಸುತ್ತದೆ. ನಾವು ಗಣಿಸಿ ನೋಡಿದಂತೆ, 2008ರಲ್ಲಿ ಹಬ್ಬವು ಮಾರ್ಚ್ 23ರಂದು ಬಂದುದರಿಂದ ಆ ವರ್ಷ ಇವುಗಳಿಗೆ ಸ್ಥಳ ದೊರೆಯಿತು. ಬಳಿಕ 2011, 2014, 2017, 2020, 2023, 2026 ಈ ಆರು ಮತ್ತಾಯನ ವರ್ಷಗಳಲ್ಲಿಯೂ ಆ ಕಾಲದಲ್ಲಿ ಸ್ಥಳವಿಲ್ಲ. ಏಪ್ರಿಲ್ 1ರಂದು ಹಬ್ಬ ಬರುವ 2029ರಲ್ಲಿಯೇ ಮತ್ತೆ ಸ್ಥಳ. ಮೂರು ವರ್ಷಕ್ಕೊಮ್ಮೆ ತಿರುಗುವುದೆಂದು ಹೆಸರಾದ ಚಕ್ರದಲ್ಲಿ ಒಂದು ಅರೆ 21 ವರ್ಷಕ್ಕೊಮ್ಮೆ ನೆಲ ಮುಟ್ಟುತ್ತದೆ. 2008ರಲ್ಲಿ ತೊಟ್ಟಿಲಲ್ಲಿದ್ದ ಮಗು ಪ್ರಾಯಕ್ಕೆ ಬರುವವರೆಗೆ ಆ ದೃಷ್ಟಾಂತಕ್ಕೆ ಆ ಭಾನುವಾರ ಒದಗುವುದಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೆ ಪಟ್ಟಿಯನ್ನು ಕುರುಡಾಗಿ ಅನುಸರಿಸುವವನಿಗೆ ಈ ಅಂತರ ತಿಳಿಯುವ ಬಗೆಯೂ ಇಲ್ಲ.

5

ಎರಡನೆಯ ಬಗೆಯ ಬಿಡುವಿಕೆ ಗಣಿತದಿಂದ ಬಂದುದಲ್ಲ, ಅಭಿರುಚಿಯಿಂದ ಬಂದುದು. ಕೀರ್ತನೆ 139 ಈ ಪಟ್ಟಿಯಲ್ಲಿ ಹಲವು ಸಲ ಬರುತ್ತದೆ. ದೇವರು ತನ್ನನ್ನು ಸಂಪೂರ್ಣವಾಗಿ ಬಲ್ಲನೆಂಬ ಭಾಗಗಳೆಲ್ಲ ಅದರಲ್ಲಿ ಉಂಟು. ಆದರೆ ದುಷ್ಟರ ನಾಶವನ್ನು ಬೇಡಿ, ವೈರಿಗಳ ಮೇಲಣ ಹಗೆಯನ್ನು ತೋಡಿಕೊಳ್ಳುವ 19ರಿಂದ 22ರವರೆಗಿನ ವಚನಗಳು ಯಾವ ಭಾನುವಾರಕ್ಕೂ ಇಲ್ಲ. ನ್ಯಾಯಸ್ಥಾಪಕರ ಪುಸ್ತಕದಿಂದ ಇಡೀ ಮೂರು ವರ್ಷಗಳಲ್ಲಿ ಒಂದೇ ಪಾಠ, 4ನೆಯ ಅಧ್ಯಾಯದ ಮೊದಲ ಏಳು ವಚನಗಳು. ಇವುಗಳಲ್ಲಿ ದೆಬೋರಳು ಸೇನಾಪತಿ ಬಾರಾಕನನ್ನು ಕರೆಸಿ ಯುದ್ಧಕ್ಕೆ ಹೊರಡುವಂತೆ ಆಜ್ಞಾಪಿಸುತ್ತಾಳೆ. ಆಕೆ ಜೊತೆಗೆ ಬಂದರೆ ಮಾತ್ರ ಹೋಗುವೆನೆಂದು ಬಾರಾಕನು ಹೇಳುವುದು 8ನೆಯ ವಚನ. ಹಾಗಾದರೆ ಗೆಲುವಿನ ಕೀರ್ತಿ ಒಬ್ಬ ಹೆಂಗಸಿಗೆ ಸಲ್ಲುವುದೆಂದು ಆಕೆ ಉತ್ತರಿಸುವುದು 9ನೆಯ ವಚನ. ಪಾಠವು ಅದಕ್ಕೆ ಮೊದಲೇ ನಿಂತುಹೋಗುತ್ತದೆ. ಕಥೆ ಎಲ್ಲಿ ತಿರುಗುತ್ತದೆಯೋ ಅಲ್ಲಿಯೇ ತೆರೆ ಬೀಳುತ್ತದೆ.

ಇದಕ್ಕಿಂತ ಗಂಭೀರವಾದುದು ದಾಸರನ್ನು ಕುರಿತ ವಚನಗಳ ಗತಿ. ಪೇತ್ರನ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯದಿಂದ 19ರಿಂದ 25ರವರೆಗಿನ ವಚನಗಳನ್ನು ಆರಿಸಿದ್ದಾರೆ. ಅನ್ಯಾಯವಾಗಿ ಪೆಟ್ಟು ತಿಂದರೂ ಸಹಿಸಿಕೊಳ್ಳುವುದು ಮೆಚ್ಚತಕ್ಕದ್ದೆಂಬ ಉಪದೇಶ ಅಲ್ಲಿದೆ. ಆದರೆ ಈ ಉಪದೇಶ ಯಾರಿಗೆ ಎಂಬುದು 18ನೆಯ ವಚನದಲ್ಲಿದೆ. ಮನೆಯ ಆಳುಗಳು ಒಳ್ಳೆಯ ಯಜಮಾನರಿಗೆ ಮಾತ್ರವಲ್ಲದೆ ವಕ್ರಬುದ್ಧಿಯವರಿಗೂ ಅಧೀನರಾಗಿರಬೇಕೆಂದು ಹೇಳುವ ಆ ವಚನವನ್ನು ಕಳೆದುಬಿಟ್ಟಿದ್ದಾರೆ. ಸಂಬೋಧನೆ ಹೋಯಿತು, ಉಪದೇಶ ಉಳಿಯಿತು. ದಾಸನಿಗೆ ಹೇಳಿದ ಮಾತು ಎಲ್ಲ ನೊಂದವರಿಗೂ ಹೇಳಿದ ಮಾತಾಗಿ ಕೇಳಿಸುತ್ತದೆ. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಒಂದು ಭಾನುವಾರದ ಪಾಠ 5ನೆಯ ಅಧ್ಯಾಯದ 20ನೆಯ ವಚನಕ್ಕೆ ಮುಗಿದರೆ, ಮರುವಾರದ ಪಾಠ 6ನೆಯ ಅಧ್ಯಾಯದ 10ನೆಯ ವಚನಕ್ಕೆ ಹಾರುತ್ತದೆ. ಹೆಂಡತಿ, ಮಕ್ಕಳು, ದಾಸರು ಇವರ ವಿಧೇಯತೆಯನ್ನೂ ಗಂಡ, ತಂದೆ, ಯಜಮಾನ ಇವರ ಕರ್ತವ್ಯವನ್ನೂ ಹೇಳುವ ಭಾಗವೆಲ್ಲ ನಡುವಣ ಕಂದಕದಲ್ಲಿ ಬಿದ್ದಿದೆ. ಅದೇ ವೇಳೆಗೆ, ಒನೇಸಿಮನೆಂಬ ದಾಸನನ್ನು ಸಹೋದರನಂತೆ ಸೇರಿಸಿಕೊಳ್ಳಬೇಕೆಂದು ಪೌಲನು ಫಿಲೆಮೋನನನ್ನು ಬೇಡಿಕೊಳ್ಳುವ ಪತ್ರಿಕೆ ಬಹುತೇಕ ಪೂರ್ಣವಾಗಿ ಪಟ್ಟಿಯಲ್ಲಿದೆ.

ಈ ಆಯ್ಕೆಯ ಹಿಂದಿನ ಉದ್ದೇಶ ಒಳ್ಳೆಯದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ದಾಸ್ಯವನ್ನು ಸಮರ್ಥಿಸಲು ಅಮೆರಿಕದ ಯಜಮಾನರು ಬಳಸಿದ ವಚನಗಳನ್ನು, ವಿವರಣೆಗೆ ಅವಕಾಶವಿಲ್ಲದೆ ಪೀಠದಿಂದ ಗಟ್ಟಿಯಾಗಿ ಓದುವುದು ಬೇಡವೆಂದು ಸಂಪಾದಕರು ಹಿಂಜರಿದರೆ ಅದನ್ನು ಅರ್ಥ ಮಾಡಿಕೊಳ್ಳಬಹುದು. ಆದರೆ ಚರಿತ್ರೆಯನ್ನು ಓದುವವರಾಗಿ ನಾವು ಕೇಳಬೇಕಾದ ಮಾತು ಬೇರೆ. ಈ ಪಟ್ಟಿಯನ್ನಷ್ಟೇ ಕೇಳಿ ಬೆಳೆದವನು, ಆದಿಸಭೆಯು ದಾಸರ ವಿಷಯದಲ್ಲಿ ಒಂದೇ ಧ್ವನಿಯಿಂದ ಮಾತನಾಡಿತೆಂದೂ ಆ ಧ್ವನಿ ಫಿಲೆಮೋನನ ಪತ್ರಿಕೆಯದೆಂದೂ ತಿಳಿಯುವುದು ಸಹಜ. ಒಂದು ಕಾಲದ ದಾಖಲೆಗಳಲ್ಲಿ ನಮಗೆ ಅಪ್ರಿಯವಾದುವನ್ನು ತೆಗೆದಿಟ್ಟು ಉಳಿದುವನ್ನು ತರಗತಿಯಲ್ಲಿ ಓದಿಸಿದರೆ, ಆ ಕಾಲ ಇದ್ದುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಅದರಿಂದ ನೊಂದವರ ನೋವು ಕಾರಣವಿಲ್ಲದ್ದಾಗಿ ಕಾಣುತ್ತದೆ.

6

ಇದೇ ದೋಷವು ನಮ್ಮ ನಾಡಿಗೆ ಹತ್ತಿರವಾದ ಒಂದು ಸ್ಥಳದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯದಿಂದ 23ರಿಂದ 26ರವರೆಗಿನ ನಾಲ್ಕು ವಚನಗಳನ್ನು ಶುಭಶುಕ್ರವಾರದ ಹಿಂದಿನ ಗುರುವಾರಕ್ಕೆ ಗೊತ್ತುಮಾಡಿದ್ದಾರೆ. ಕರ್ತನ ಭೋಜನ ಸ್ಥಾಪನೆಯಾದ ಬಗೆಯನ್ನು ಅವು ತಿಳಿಸುತ್ತವೆ. ಪೌಲನು ಆ ಸಂಗತಿಯನ್ನು ಅಲ್ಲಿ ನೆನಪಿಸಿದುದು ಏಕೆಂಬುದು ಅದಕ್ಕೆ ಹಿಂದಿನ 17ರಿಂದ 22ರವರೆಗಿನ ವಚನಗಳಲ್ಲಿದೆ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು, ಇಲ್ಲದವರು ಹಸಿದು ನಿಲ್ಲುತ್ತಿದ್ದರು. ಅದನ್ನು ಕೇಳಿ ಪೌಲನು ನೀವು ನೆರೆದು ಮಾಡುವುದು ಕರ್ತನ ಭೋಜನವೇ ಅಲ್ಲವೆಂದು ಗದರಿಸಿದನು. ಪಾಠಪಟ್ಟಿಯಲ್ಲಿ ಭೋಜನದ ವಿಧಿಯುಂಟು, ಪಂಕ್ತಿಭೇದದ ಖಂಡನೆಯಿಲ್ಲ.

ಪಂಕ್ತಿಭೇದವೆಂಬ ಮಾತು ನಮ್ಮ ವಾಚಕರಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ. ದಕ್ಷಿಣ ಭಾರತದ ಸಭಾಚರಿತ್ರೆಯನ್ನು ಬಲ್ಲವರಿಗೆ ಅದು ಬರಿಯ ಕೊರಿಂಥದ ಮಾತಲ್ಲವೆಂಬುದೂ ಗೊತ್ತು. ತಂಜಾವೂರು ಮುಂತಾದ ಕಡೆಯ ತಮಿಳು ಸಭೆಗಳಲ್ಲಿ ಜಾತಿಗಳವರು ಬೇರೆಬೇರೆ ಕುಳಿತುಕೊಳ್ಳುತ್ತಿದ್ದುದು, ಕರ್ತನ ಭೋಜನಕ್ಕೂ ಬೇರೆಬೇರೆ ಬರುತ್ತಿದ್ದುದು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ದೊಡ್ಡ ವಿವಾದವಾಯಿತು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಈ ಭೇದಗಳನ್ನು ಸಭೆಯೊಳಗಿಂದ ತೊಲಗಿಸಬೇಕೆಂದು ಆಜ್ಞೆ ಹೊರಡಿಸಿದಾಗ, ಅದನ್ನು ಒಪ್ಪದ ಅನೇಕರು ಸಭೆಯನ್ನು ಬಿಟ್ಟುಹೋದರು. ಮರುವರ್ಷ 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಜಾತಿಯ ವಿಷಯದಲ್ಲಿ ಮೊದಲಿನಿಂದಲೂ ಕಟ್ಟುನಿಟ್ಟಾಗಿದ್ದರು. ಹೀಗಿರಲಾಗಿ, ಯಾವ ವಚನಗಳು ಈ ನೆಲದಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಸಬೇಕಾಗಿದ್ದವೋ ಅವೇ ಜಗತ್ತಿಗೆಲ್ಲ ಒದಗಲೆಂದು ಮಾಡಿದ ಪಟ್ಟಿಯಿಂದ ಜಾರಿಹೋಗಿವೆ. ಉತ್ತರ ಅಮೆರಿಕದಲ್ಲಿ ಕುಳಿತು ಪಟ್ಟಿ ಮಾಡಿದವರಿಗೆ ಆ ಆರು ವಚನಗಳು ಅಂದಿನ ಒಂದು ಊರಿನ ಜಗಳವಾಗಿ ತೋರಿರಬಹುದು. ಇಲ್ಲಿ ಅವು ನಮ್ಮ ಮನೆಯ ಮಾತು.

ಭಾರತದ ಸಭೆಗಳು ಪರರ ಪಟ್ಟಿಯನ್ನೇ ಹಿಡಿದು ಕುಳಿತಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ದಕ್ಷಿಣ ಭಾರತದ ಐಕ್ಯ ಸಭೆಗಳು ಕೂಡಿ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯಾದಾಗ, ಗೊತ್ತಾದ ಗ್ರಂಥದಿಂದ ಪ್ರಾರ್ಥಿಸುವವರೂ ಗ್ರಂಥವಿಲ್ಲದೆ ಪ್ರಾರ್ಥಿಸುವವರೂ ಒಂದೇ ಸೂರಿನಡಿಗೆ ಬಂದರು. ಅವರು 1950ರಲ್ಲಿ ಕರ್ತನ ಭೋಜನದ ಕ್ರಮವನ್ನೂ 1963ರಲ್ಲಿ ಸಾಮಾನ್ಯ ಆರಾಧನೆಯ ಗ್ರಂಥವನ್ನೂ ತಾವೇ ರೂಪಿಸಿಕೊಂಡರು. ಇತ್ತೀಚಿನ ದಶಕಗಳಲ್ಲಿ ಭಾರತದ ಸಭೆಗಳು ನವೆಂಬರ್ ತಿಂಗಳಲ್ಲಿ ದಲಿತ ವಿಮೋಚನೆಯ ಭಾನುವಾರವನ್ನು ಆಚರಿಸುತ್ತಿರುವುದು, ಈ ನೆಲದ ಗಾಯವನ್ನು ವರ್ಷದ ಯೋಜನೆಯೊಳಗೇ ಬರೆದುಕೊಳ್ಳುವ ಪ್ರಯತ್ನ. ಆದರೆ ವಿಶೇಷ ದಿನವೊಂದನ್ನು ಸೇರಿಸುವುದರಿಂದ ಉಳಿದ 51 ಭಾನುವಾರಗಳ ಆಯ್ಕೆಯನ್ನು ಪರೀಕ್ಷಿಸುವ ಹೊಣೆ ತಪ್ಪುವುದಿಲ್ಲ.

7

ನಮ್ಮ ಈ ವಾದಕ್ಕೆ ಒಂದು ಬಲವಾದ ಆಕ್ಷೇಪವನ್ನು ಎತ್ತಬಹುದು. ಲೂಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಯೇಸುವು ನಜರೇತಿನ ಸಭಾಮಂದಿರದಲ್ಲಿ ಯೆಶಾಯನ ಸುರುಳಿಯನ್ನು ತೆರೆದು ಓದುತ್ತಾನೆ. ಬಡವರಿಗೆ ಶುಭವರ್ತಮಾನ, ಸೆರೆಯವರಿಗೆ ಬಿಡುಗಡೆ, ಕರ್ತನ ಪ್ರಸಾದದ ವರ್ಷ ಎಂಬಲ್ಲಿಗೆ ಓದು ನಿಲ್ಲುತ್ತದೆ. ಯೆಶಾಯನ 61ನೆಯ ಅಧ್ಯಾಯದಲ್ಲಿ ಅದರ ಬೆನ್ನಿಗೇ ಬರುವ ಪ್ರತೀಕಾರದ ದಿನದ ಮಾತು ಅಲ್ಲಿಲ್ಲ. ವಚನದ ನಡುವೆಯೇ ನಿಲ್ಲಿಸಿದ ಈ ನಿದರ್ಶನ ಇರುವಾಗ, ಪಟ್ಟಿ ಮಾಡಿದವರನ್ನು ದೂರುವುದು ಹೇಗೆ?

ಆಕ್ಷೇಪವು ವಿಚಾರಾರ್ಹವಾಗಿದೆ. ನಿಲ್ಲಿಸುವುದೂ ಒಂದು ವ್ಯಾಖ್ಯಾನವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಜರೇತಿನ ಕೇಳುಗರಿಗೆ ಯೆಶಾಯನ ಮುಂದಿನ ಮಾತು ಪರಿಚಿತವಾಗಿತ್ತೆಂದು ಭಾವಿಸಲು ಕಾರಣವುಂಟು. ಬರಬೇಕಾದ ಮಾತು ಬರಲಿಲ್ಲವೆಂಬುದು ಅವರ ಕಿವಿಗೆ ಗೊತ್ತಾಗುತ್ತಿತ್ತು; ಆದಕಾರಣ ಆ ಮೌನ ಮಾತನಾಡುತ್ತಿತ್ತು. ಮುಂದಿನ ವಚನವನ್ನು ಎಂದೂ ಕೇಳದವನ ಎದುರಿಗೆ ನಿಲ್ಲಿಸಿದರೆ ಅದು ಮೌನವಲ್ಲ, ಅಭಾವ. ಗ್ರಂಥವನ್ನು ಮನೆಯಲ್ಲಿ ಓದಬಲ್ಲವರಿಗೆ ಪಟ್ಟಿಯ ಬಿಡುವಿಕೆಯಿಂದ ಹೆಚ್ಚು ನಷ್ಟವಿಲ್ಲ. ವಾರಕ್ಕೊಮ್ಮೆ ಕಿವಿಯಿಂದಲೇ ಗ್ರಂಥವನ್ನು ಪಡೆಯುವ ಕೂಲಿಗಾರನಿಗೆ, ಅಕ್ಷರ ಕಲಿಯದ ಮುದುಕಿಗೆ, ಪಟ್ಟಿಯಲ್ಲಿ ಇದ್ದಷ್ಟೇ ಸತ್ಯವೇದ. ಬಿಡುವಿಕೆಯ ಭಾರವೆಲ್ಲ ಅವರ ಮೇಲೆ ಬೀಳುತ್ತದೆ. ಕೊರಿಂಥದಲ್ಲಿ ಹಸಿದು ನಿಂತವರೂ ಅಂಥವರೇ.

ಹಾಗಾದರೆ ಪಟ್ಟಿಯನ್ನು ಕೈಬಿಟ್ಟು ಬೋಧಕನ ಇಚ್ಛೆಗೆ ಒಪ್ಪಿಸುವುದು ಪರಿಹಾರವೇ? ಅಲ್ಲವೆಂದು ನಾವು ದೃಢವಾಗಿ ಹೇಳುತ್ತೇವೆ. ಒಬ್ಬ ಮನುಷ್ಯನ ಮೆಚ್ಚಿನ ಹತ್ತಿಪ್ಪತ್ತು ಭಾಗಗಳಿಗಿಂತ ಸಮಿತಿಯೊಂದು ಆರಿಸಿದ 624 ಪಾಠಗಳು ಎಷ್ಟೋ ಮೇಲು. ಅಲ್ಲದೆ ಪಟ್ಟಿಗಳು ತಿದ್ದುಪಡಿಗೆ ಒಳಪಡುತ್ತವೆಂಬುದಕ್ಕೆ ಪ್ರಕೃತ ಗ್ರಂಥವೇ ಸಾಕ್ಷಿ. ರೋಮನ್ ಪಟ್ಟಿಯ ವಾರದ ದಿನಗಳ ಪಾಠಗಳಲ್ಲಿ ವಿಮೋಚನಕಾಂಡದ ಮೊದಲನೆಯ ಅಧ್ಯಾಯವನ್ನು ಓದುವಾಗ 14ನೆಯ ವಚನದಿಂದ 22ನೆಯ ವಚನಕ್ಕೆ ಹಾರುತ್ತಾರೆ. ಫರೋಹನ ಆಜ್ಞೆಯನ್ನು ಮೀರಿ ಗಂಡುಮಕ್ಕಳನ್ನು ಉಳಿಸಿದ ಶಿಪ್ರಾ ಮತ್ತು ಪೂಗಾ ಎಂಬ ಸೂಲಗಿತ್ತಿಯರು ಆ ಹಾರಿಕೆಯಲ್ಲಿ ಕಾಣೆಯಾಗುತ್ತಾರೆ. 1992ರ ಗ್ರಂಥವು ಅದೇ ಅಧ್ಯಾಯದ 8ನೆಯ ವಚನದಿಂದ ಮುಂದಿನ ಅಧ್ಯಾಯದ 10ನೆಯ ವಚನದವರೆಗೆ ಎಡೆಬಿಡದೆ ಓದಿಸಿ ಅವರನ್ನು ಭಾನುವಾರದ ಆರಾಧನೆಗೆ ಕರೆತಂದಿದೆ. ಟೀಕೆಗೆ ಕಿವಿಗೊಟ್ಟವರು ಇದನ್ನು ಮಾಡಿದರು. ಮಾಡಬೇಕಾದುದು ಇನ್ನೂ ಉಂಟು.

ನಮ್ಮ ಅಪೇಕ್ಷೆಗಳು ಎರಡು. ಮೊದಲನೆಯದು ಪಟ್ಟಿ ಮಾಡುವವರಿಗೆ ಸಂಬಂಧಿಸಿದುದು. ರೋಮನ್ ಪಟ್ಟಿಯ 1981ರ ಆವೃತ್ತಿಯ ಮುನ್ನುಡಿ ವಚನಗಳನ್ನು ಬಿಡುವುದುಂಟೆಂಬುದನ್ನು ತತ್ತ್ವವಾಗಿ ಒಪ್ಪಿಕೊಂಡಿದೆ. ಅಷ್ಟು ಸಾಲದು. ಯಾವ ಪಾಠದ ಹಿಂದುಮುಂದಿನ ವಚನಗಳನ್ನು ಬುದ್ಧಿಪೂರ್ವಕವಾಗಿ ಬಿಡಲಾಗಿದೆಯೋ ಆ ಪಾಠದ ಬಳಿಯಲ್ಲಿಯೇ ಹಾಗೆಂದು ಸೂಚಿಸಬೇಕು. ಹಸ್ತಪ್ರತಿಯನ್ನು ಸಂಪಾದಿಸುವವನು ಗ್ರಂಥಪಾತವನ್ನು ಗುರುತಿಸದೆ ಬಿಟ್ಟರೆ ನಾವು ಮನ್ನಿಸುವುದಿಲ್ಲ. ಲಕ್ಷಾಂತರ ಜನರು ಕೇಳುವ ಪಾಠಕ್ಕೆ ಅದಕ್ಕಿಂತ ಸಡಿಲವಾದ ನಿಯಮ ಸಲ್ಲದು.

ಎರಡನೆಯದು ಪಟ್ಟಿಯನ್ನು ಬಳಸುವವರಿಗೆ ಸಂಬಂಧಿಸಿದುದು. ಮುನ್ಯೋಜನೆಯೆಂದರೆ ಪಟ್ಟಿಯಿಂದ ಅಂಕಿಗಳನ್ನು ನಕಲು ಮಾಡಿ ಹಾಡುಗಳನ್ನು ಜೋಡಿಸುವುದಷ್ಟೇ ಎಂಬ ಭಾವನೆ ಇದೆ. ಶನಿವಾರ ರಾತ್ರಿ ಪಟ್ಟಿಯನ್ನು ತೆರೆಯುವ ಬೋಧಕನಿಗೆ ಅಚ್ಚಾದುದನ್ನು ಒಪ್ಪದೆ ಬೇರೆ ದಾರಿಯಿಲ್ಲ. ಮೂರು ತಿಂಗಳ ಪಾಠಗಳನ್ನು ಮೊದಲೇ ಹರಡಿಕೊಂಡು, ಪ್ರತಿಯೊಂದರ ಹಿಂದಿನ ಹತ್ತು ವಚನಗಳನ್ನೂ ಮುಂದಿನ ಹತ್ತು ವಚನಗಳನ್ನೂ ಓದಿ ನೋಡುವವನಿಗೆ, ಎಲ್ಲಿ ಪಾಠವನ್ನು ಆರು ವಚನ ಬೆಳೆಸಬೇಕು, ಎಲ್ಲಿ ಬಿಟ್ಟುದನ್ನು ಪ್ರಸಂಗದಲ್ಲಿ ತಿಳಿಸಬೇಕು, ಯಾವ ಕಠಿನ ವಚನವನ್ನು ಓದುವವರಿಗೆ ಮುಂಚೆಯೇ ಕೊಟ್ಟು ಚರ್ಚಿಸಬೇಕು ಎಂಬುದು ತಿಳಿಯುತ್ತದೆ. ಗುರುವಾರದ ನಾಲ್ಕು ವಚನಗಳಿಗೆ ಹಿಂದಿನ ಆರನ್ನು ಸೇರಿಸಿ ಓದಲು ಒಂದೆರಡು ನಿಮಿಷಕ್ಕಿಂತ ಹೆಚ್ಚು ಹಿಡಿಯದು. ಆದರೆ ಸೇರಿಸಬೇಕೆಂಬುದು ಹೊಳೆಯಬೇಕಾದರೆ ವಾರಗಳ ಅವಕಾಶ ಬೇಕು. ಮುಂಚಿತವಾಗಿ ಯೋಜಿಸುವುದರ ನಿಜವಾದ ಪ್ರಯೋಜನ ಯೋಜನೆಯನ್ನು ಪ್ರಶ್ನಿಸಲು ಬಿಡುವು ದೊರೆಯುವುದೇ ಆಗಿದೆ.

ಕರ್ನಾಟಕದ ಸಭೆಗಳಲ್ಲಿ ಕಳೆದ ನೂರೆಂಬತ್ತಕ್ಕೂ ಮಿಕ್ಕ ವರ್ಷಗಳಿಂದ ಬಳಕೆಯಾಗುತ್ತ ಬಂದ ಪಾಠಕ್ರಮಗಳನ್ನು ಕಲೆಹಾಕಿ, ಯಾವ ದಶಕದಲ್ಲಿ ಯಾವ ವಚನಗಳನ್ನು ಕನ್ನಡದಲ್ಲಿ ಓದಲಾಯಿತು, ಯಾವುವನ್ನು ಬಿಡಲಾಯಿತು ಎಂಬುದನ್ನು ತುಲನೆ ಮಾಡಿ ನೋಡುವ ಕಾರ್ಯವು ನಮ್ಮ ವಿದ್ಯಾರ್ಥಿಗಳಿಗೆ ತಕ್ಕ ಸಂಶೋಧನೆಯ ವಿಷಯ. ಹಳೆಯ ಪಟ್ಟಿಯ ಅಂಚಿನಲ್ಲಿ ಯಾವನೋ ಬೋಧಕನು ಸೀಸದ ಕಡ್ಡಿಯಿಂದ ಸೇರಿಸಿಕೊಂಡ ವಚನದ ಸಂಖ್ಯೆಯೊಂದು ದೊರೆತರೆ, ಅದನ್ನು ಅಚ್ಚಾದ ಸಂಖ್ಯೆಗಳಷ್ಟೇ ಆದರದಿಂದ ದಾಖಲು ಮಾಡಿಕೊಳ್ಳತಕ್ಕದ್ದು.